ಕ್ಯಾಮೆರಾಕ್ಕೆ ನಿಮ್ಮ ಬೀದಿಯ ಪರಿಚಯವಿಲ್ಲ, ಮೇಷ್ಟ್ರೇ

(ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ ಇಟ್ಟುಕೊಂಡಿರುವ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ. ಕಣದಲ್ಲಿ ಒಣಗಲು ಹಾಕಿದ್ದ ಎರಡು ಮೂಟೆ ಮೆಣಸು ರಾತ್ರೋರಾತ್ರಿ ಹೋಯಿತು. ಪೇಟೆಯಲ್ಲಿ ಅವರ ಅಳಿಯನ ಬೈಕ್ ಕಳುವಾಯಿತು. ಪೊಲೀಸರು ಬಂದರು, ನೋಡಿದರು, ಹೋದರು. ಈಗ ಪೇಟೆಯವರು ಚಂದಾ ಎತ್ತಿ ಬೀದಿಬೀದಿಗೂ ಸಿಸಿಟಿವಿ ಹಾಕಿಸಲು ಹೊರಟಿದ್ದಾರೆ. ‘ಹೊರಗಿನ ಕೂಲಿಯವರು ಬಂದ ಮೇಲೆ ಊರು ಕೆಟ್ಟಿತು. ಬೀಟ್ ಪೊಲೀಸರ ಕಾಲ ಮುಗಿಯಿತು. ಇನ್ನೇನಿದ್ದರೂ ಕ್ಯಾಮೆರಾ. ನಿಮ್ಮ ಪತ್ರಿಕೆ ಅದರ ಪರ ಯಾಕೆ ಬರೆಯುವುದಿಲ್ಲ?’ ಎಂದು ಕೇಳಿದ್ದಾರೆ. ಹೆಸರು ಬೇಡ ಎಂದಿದ್ದರಿಂದ ಹಾಕಿಲ್ಲ. – ಸಂ.)

ಮೇಷ್ಟ್ರೇ, ನಮಸ್ಕಾರ.

ಈಗಿನ ಧಾರಣೆಯಲ್ಲಿ ಎರಡು ಮೂಟೆ ಮೆಣಸು ಸಣ್ಣ ಮಾತಲ್ಲ. ಬಳ್ಳಿಗೆ ಏಣಿ ಇಟ್ಟು ಕೊಯ್ಯಿಸಿ, ಕಾಳು ಬಿಡಿಸಿ, ಮೋಡ ಕಂಡಾಗಲೆಲ್ಲ ಟಾರ್ಪಾಲು ಹೊದಿಸಿ ಒಣಗಿಸಿದ ಮಾಲು. ನಿಮಗೆ ಹೊಟ್ಟೆ ಉರಿದಿದ್ದು ಸಹಜ. ಆ ಸಿಟ್ಟು ನನಗೂ ಅರ್ಥವಾಗುತ್ತದೆ, ಸಿಟ್ಟಿನಲ್ಲಿ ನೀವು ಹುಡುಕಿಕೊಂಡ ಮದ್ದು ಮಾತ್ರ ಒಪ್ಪಿಗೆಯಾಗುತ್ತಿಲ್ಲ.

ಕ್ಯಾಮೆರಾ ಬೇಡವೇ ಬೇಡ ಅನ್ನುವವನು ನಾನಲ್ಲ. ಬಿ.ಎಂ. ರಸ್ತೆಯಲ್ಲಿ ಯಾರಿಗೋ ಗುದ್ದಿ ಶಿರಾಡಿ ಘಾಟಿ ಕಡೆ ಪರಾರಿಯಾದ ಗಾಡಿಯ ನಂಬರ್ ಸಿಗಬೇಕಾದರೆ ಅದು ಬೇಕು. ಬಂಗಾರದ ಅಂಗಡಿಗೆ, ಬಸ್ ನಿಲ್ದಾಣಕ್ಕೆ ಬೇಕು. 2017ರಲ್ಲಿ ರಾಜ್ಯದಲ್ಲಿ ಕಾಯ್ದೆಯೇ ಬಂದಿದೆ: ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಬಂದುಹೋಗುವ ಜಾಗದವರು ಕ್ಯಾಮೆರಾ ಹಾಕಿಸಬೇಕು, 30 ದಿನದ ದೃಶ್ಯ ಉಳಿಸಿಟ್ಟುಕೊಳ್ಳಬೇಕು. ಕ್ಯಾಮೆರಾ ಪರ ಬರೆಯಿರಿ ಅಂದಿರಲ್ಲ, ಬರೆದಾಯಿತು.

ಇನ್ನು ನಿಮ್ಮ ಊರಿನ ಮಳೆಗಾಲದ ವಿಷಯಕ್ಕೆ ಬರೋಣ. ಮಲೆನಾಡಿನದೇ ಒಂದು ಪೇಟೆಯಲ್ಲಿ ನನ್ನ ಪರಿಚಯದವರೊಬ್ಬರ ಹಾರ್ಡ್‌ವೇರ್ ಅಂಗಡಿ ಇದೆ. ಆಷಾಢದಲ್ಲಿ ಒಂದು ರಾತ್ರಿ ಕಳ್ಳತನವಾಯಿತು. ಇಡೀ ಪೇಟೆಗೆ ಒಳ್ಳೆಯ ಕ್ಯಾಮೆರಾ ಅವರದೇ. ಕೂತು ನೋಡಿದೆವು. ಮೊದಲು ಕಂಡಿದ್ದು ಜೇಡ. ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕಾಗಿ ಅದು ಲೆನ್ಸಿನ ಮೇಲೇ ಬಲೆ ನೇಯ್ದುಕೊಂಡು ಕೂತಿತ್ತು. ಬಲೆಯ ಆಚೆ ಮಳೆ. ಮಳೆಯೊಳಗಿಂದ ಒಂದು ಕರೀ ಕೊಡೆ ಬಂದು ಶಟರ್ ಮುಂದೆ ನಿಂತಿತು. ಅಷ್ಟರಲ್ಲಿ ಕರೆಂಟು ಹೋಯಿತು. ವಾರದಿಂದ ಕರೆಂಟು ಬಂದು ಹೋಗಿ ಮಾಡಿ ಯುಪಿಎಸ್ ಬ್ಯಾಟರಿ ಮೊದಲೇ ಸೋತುಹೋಗಿತ್ತು. ಪೊಲೀಸರು ಇದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು. ಕೊನೆಗೆ ಸುಳಿವು ಕೊಟ್ಟಿದ್ದು ಎದುರಿನ ಟೀ ಅಂಗಡಿಯ ಹುಡುಗ. ಕೊಡೆಯ ಒಂದು ಕಡ್ಡಿ ಮುರಿದು ಬಟ್ಟೆ ಜೋತುಬಿದ್ದಿತ್ತು. ಆ ಕೊಡೆ ದಿನಾ ಬೆಳಿಗ್ಗೆ ಅವನ ಅಂಗಡಿಯ ಗೋಡೆಗೆ ಒರಗುತ್ತಿದ್ದ ಕೊಡೆ.

ನಾನು ಪದೇ ಪದೇ ಬರೆದು ಓದುಗರಿಗೆ ಬೇಸರ ತರಿಸಿರುವ ಮಾತು ಇದೇ. ಊರನ್ನು ಕಾಯುವುದು ಊರಿನ ಪರಿಚಯ ಇರುವ ಮನುಷ್ಯ. ಕ್ಯಾಮೆರಾ ಆದದ್ದನ್ನು ತೋರಿಸೀತು. ಆಗದಂತೆ ತಡೆಯಬೇಕಾದರೆ, ‘ಏನಪ್ಪಾ, ಈ ಹೊತ್ತಲ್ಲಿ ಇಲ್ಲಿ?’ ಎಂದು ಕೇಳುವ ಒಬ್ಬರು ಬೀದಿಯಲ್ಲಿ ಇರಬೇಕು.

ನಾನು ಹುಡುಗನಾಗಿದ್ದಾಗ ನಮ್ಮ ಪೇಟೆಯಲ್ಲಿ ಒಬ್ಬ ದಫೇದಾರರು, ಅಂದರೆ ಹೆಡ್ ಕಾನ್‌ಸ್ಟೆಬಲ್, ಇದ್ದರು. ರಾತ್ರಿ ಬೀಟಿನಲ್ಲಿ ಟಾರ್ಚ್ ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಅಂಗಡಿಯ ಬೀಗವನ್ನು ಕೈಯಿಂದ ಜಗ್ಗಿ ನೋಡುತ್ತ ಹೋಗುವರು. ದೇವಸ್ಥಾನದ ಗೋಡೆಗೆ ತಗುಲಿಸಿದ ತಗಡಿನ ಡಬ್ಬಿಯಲ್ಲಿ ಪಾಯಿಂಟ್ ಪುಸ್ತಕ ಇರುತ್ತಿತ್ತು, ಅದರಲ್ಲಿ ಹೊತ್ತು ಬರೆದು ರುಜು ಹಾಕುವರು. ಕೊನೇ ಬಸ್ಸಿನಿಂದ ಯಾರಿಳಿದರು, ಯಾರ ಮನೆಗೆ ಹೋದರು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಒಂದು ರಾತ್ರಿ ಜಗ್ಗಿದ ಬೀಗ ಕೈಗೇ ಬಂತು. ಮಾಲೀಕರು ಬೀಗ ಸಿಕ್ಕಿಸಿ ಕೀಲಿ ತಿರುಗಿಸದೆ ಮನೆಗೆ ಹೋಗಿದ್ದರು. ಹೇಳಿಕಳಿಸಿದಾಗ ನಿದ್ದೆಗಣ್ಣಿನಲ್ಲಿ ಓಡಿ ಬಂದ ಅವರಿಗೆ ದಫೇದಾರರು, ‘ಶೆಟ್ರೇ, ಅಂಗಡಿ ದಾನ ಮಾಡೋ ಹಾಗಿದ್ರೆ ನಂಗೂ ಒಂದ್ಮಾತು ಹೇಳಿ’ ಅಂದರಂತೆ. ಅದೇ ಅಂಗಡಿಯಿಂದ ಅವರ ಮನೆಗೆ ಸಕ್ಕರೆ, ಬೆಲ್ಲ ಬಿಟ್ಟಿ ಹೋಗುತ್ತಿತ್ತು ಅನ್ನುವುದೂ ನಿಜ. ಅವರನ್ನು ನಾನು ದೇವರಂತೇನೂ ಕೂರಿಸುತ್ತಿಲ್ಲ. ಆದರೆ ಬೀಗ ಜಗ್ಗುವ ಕೈ ಒಂದಿತ್ತು.

ಇದು ಮುದುಕನ ಹಳಹಳಿಕೆ ಅನ್ನಿಸಿದರೆ ಪರದೇಶದ ಲೆಕ್ಕ ಕೇಳಿ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಕಡೆ ಪೊಲೀಸ್ ಕಾರುಗಳ ಗಸ್ತು ನಿಲ್ಲಿಸಿದರು, ಕೆಲವು ಕಡೆ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ, ಜನರಿಗೆ ಬದಲಾವಣೆ ಆಗಿದ್ದೂ ಗೊತ್ತಾಗಲಿಲ್ಲ. ಆಮೇಲೆ ನ್ಯೂವಾರ್ಕಿನಲ್ಲಿ ಪೊಲೀಸರನ್ನು ಕಾರಿನಿಂದಿಳಿಸಿ ನಡೆಸಿದರು. ಅಲ್ಲೂ ಅಪರಾಧ ಇಳಿಯಲಿಲ್ಲ, ಆದರೆ ಜನರ ಹೆದರಿಕೆ ಇಳಿಯಿತು, ಪೊಲೀಸರ ಮೇಲೆ ವಿಶ್ವಾಸ ಹೆಚ್ಚಿತು. 2009ರಲ್ಲಿ ಫಿಲಡೆಲ್ಫಿಯಾದವರು ಹೆಚ್ಚು ಗಲಾಟೆಯ ಮೂಲೆಗಳನ್ನೇ ಆರಿಸಿ ಕಾಲ್ನಡಿಗೆಯ ಗಸ್ತು ಹಾಕಿದಾಗ ಹಿಂಸಾಚಾರ ಶೇ 23ರಷ್ಟು ತಗ್ಗಿತು. ಅಷ್ಟು ದೂರ ಯಾಕೆ, ಪಕ್ಕದ ಕೇರಳದವರು 2008ರಲ್ಲಿ 20 ಠಾಣೆಗಳಲ್ಲಿ ಜನಮೈತ್ರಿ ಶುರು ಮಾಡಿ, ಬೀಟ್ ಪೊಲೀಸರನ್ನು ಮನೆ ಮನೆಗೆ ಕಳಿಸಿದರು.

ನಮ್ಮಲ್ಲೂ ಇಲ್ಲವೇ ಎಂದರೆ ಇದೆ. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು, ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಂದೊಂದು ಬೀಟ್, ಅದಕ್ಕೊಂದು ನಾಗರಿಕರ ಸಮಿತಿ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಕೂಡ ಬಂತು. ಯೋಜನೆಗೆ ಬರವಿಲ್ಲ. ಟೊಪ್ಪಿಗೆಯ ಕೆಳಗಿನ ಮನುಷ್ಯ ಎಲ್ಲಿ ಎಂಬುದೇ ಪ್ರಶ್ನೆ.

ಅವನು ಬಂದೋಬಸ್ತಿನಲ್ಲಿದ್ದಾನೆ, ಮೇಷ್ಟ್ರೇ. ಹಾಸನಾಂಬೆ ಬಾಗಿಲು ತೆಗೆದರೆ ಅಲ್ಲಿ, ದತ್ತ ಜಯಂತಿಗೆ ಚಿಕ್ಕಮಗಳೂರಿನಲ್ಲಿ, ಬೇಲೂರಿನ ತೇರಿಗೆ ಬೇಲೂರಿನಲ್ಲಿ. ಮಂತ್ರಿಗಳು ಬಂದರೆ ರಸ್ತೆ ಬದಿಯಲ್ಲಿ, ಆನೆ ಬಂದರೆ ಜನರನ್ನು ಹಿಂದೆ ತಳ್ಳುತ್ತ. ಉಳಿದ ದಿನ ಸಮನ್ಸ್ ಜಾರಿ, ಕೋರ್ಟ್ ಡ್ಯೂಟಿ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದವರ ಟ್ರಾಫಿಕ್. ಇಷ್ಟರ ನಡುವೆ ನಿಮ್ಮ ಬೀದಿಗೆ ಬಂದರೂ ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ಹೊರಡುತ್ತಾನೆ. ಬಂದಿದ್ದು ದಾಖಲಾಯಿತು. ಯಾರನ್ನು ಮಾತಾಡಿಸಿದ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಹೇಗೋ ಒಂದು ವರ್ಷದಲ್ಲಿ ನಾಲ್ಕು ಮುಖ ಪರಿಚಯವಾಯಿತು ಅನ್ನುವಷ್ಟರಲ್ಲಿ ಸಬ್ ಇನ್‌ಸ್ಪೆಕ್ಟರಿಗೆ ವರ್ಗ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಧಿ ಕೊಡಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾರೆ.

ಇನ್ನು ‘ಹೊರಗಿನ ಕೂಲಿಯವರು’. ಇಲ್ಲಿ ಸ್ವಲ್ಪ ಗದರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದು ಲೈನ್ ಮನೆಯಲ್ಲಿರುವವನು ಇಲ್ಲದಿದ್ದರೆ ಎಷ್ಟೋ ತೋಟಗಳಲ್ಲಿ ಹಣ್ಣು ಗಿಡದಲ್ಲೇ ಉದುರುತ್ತದೆ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವನ ವಿಳಾಸ, ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ, ಅದು ಅವನ ಹಿತಕ್ಕೂ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ. ನಿಮ್ಮ ಕಣದಲ್ಲಿ ಯಾವ ರಾತ್ರಿ ಮೆಣಸು ಇದೆ, ನೀವು ಯಾವ ರಾತ್ರಿ ಊರಲ್ಲಿಲ್ಲ ಎಂಬುದು ತಿಳಿದೇ ಕಳ್ಳ ಬಂದಿದ್ದಾನೆ. ಎರಡು ಮೂಟೆಯನ್ನು ತಲೆಯ ಮೇಲೆ ಹೊತ್ತು ರೈಲು ಹತ್ತುವವರಿಲ್ಲ. ಗಾಡಿ ಬೇಕು, ತೂಗುವ ತಕ್ಕಡಿ ಬೇಕು, ಬಿಲ್ಲು ಕೇಳದೆ ದುಡ್ಡು ಎಣಿಸುವ ಕೈ ಬೇಕು. ಆ ಕೈ ಅಸ್ಸಾಮಿನದಲ್ಲ. ಪೇಟೆಯಲ್ಲಿ ಯಾರು ಎಂಥ ಮಾಲು ಕೊಳ್ಳುತ್ತಾರೆ ಎಂದು ಬಲ್ಲ ಒಬ್ಬ ಬೀಟ್ ಪೊಲೀಸ್ ಇದ್ದಿದ್ದರೆ ಮರುದಿನ ಮೊದಲು ಅಲ್ಲಿಗೇ ಹೋಗುತ್ತಿದ್ದ.

ನಮ್ಮ ಜಿಲ್ಲೆಯ ಹೊಲಬದಿಯ ವೀರಗಲ್ಲುಗಳನ್ನು ನಿಂತು ನೋಡಿದ್ದೀರಲ್ಲ? ಕೆಳಗಿನ ಪಟ್ಟಿಯಲ್ಲಿ ದನಗಳು, ಕಾದಾಟ. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗ. ತುರು ಹಿಡಿದವರ ಬೆನ್ನಟ್ಟಿ, ಊರ ಹೆಣ್ಣುಮಕ್ಕಳ ಕೂಗಿಗೆ ಓಡಿ ಸತ್ತವರಿಗೆ ಊರು ನಿಲ್ಲಿಸಿದ ಕಲ್ಲು ಅದು. ಹೊಯ್ಸಳರ ಹೆಸರು ಈಗ ಬೆಂಗಳೂರಿನ ಗಸ್ತು ಕಾರಿನ ಮೇಲಿದೆ, ಹಳೇಬೀಡಿನ ಪಾಲಿಗೆ ಕಲ್ಲಷ್ಟೇ. ಆಮೇಲಿನ ಕಾಲದಲ್ಲಿ ಊರು ಕಾಯಲು ತೋಟಿ, ತಳವಾರರಿದ್ದರು. ಆ ವಂಶಪಾರಂಪರ್ಯದ ಚಾಕರಿಯನ್ನು ರಾಜ್ಯ 1961ರ ಕಾಯ್ದೆಯಿಂದ ತೆಗೆದುಹಾಕಿತು. ಬೇಕಾದದ್ದೇ. ಹುಟ್ಟಿದ ಜಾತಿಯ ಕಾರಣಕ್ಕೆ ಒಬ್ಬ ಊರಿನ ರಾತ್ರಿಯನ್ನೆಲ್ಲ ಹೊರಬೇಕಾಗಿದ್ದು ಅನ್ಯಾಯ. ಆದರೆ ಅವನು ಬಿಟ್ಟ ಜಾಗಕ್ಕೆ ಸಂಬಳ, ಮರ್ಯಾದೆ ಕೊಟ್ಟು ಇನ್ನೊಬ್ಬನನ್ನು ಕೂರಿಸುವುದನ್ನು ಯಾರೂ ಮಾಡಲಿಲ್ಲ.

ಪೊಲೀಸರದೊಂದೇ ಕತೆಯೂ ಅಲ್ಲ. ಯಾವ ಕಂಬದಲ್ಲಿ ಫ್ಯೂಸ್ ಹೋಗುತ್ತದೆ ಎಂದು ಬಲ್ಲ ಲೈನ್‌ಮನ್ ಈಗ ಸಹಾಯವಾಣಿಯ ದೂರು ಸಂಖ್ಯೆಯಾಗಿದ್ದಾನೆ. ಬ್ಯಾಂಕಿನ ಮ್ಯಾನೇಜರಿಗೆ ಕನ್ನಡ ಬರುವಷ್ಟರಲ್ಲಿ ವರ್ಗವಾಗುತ್ತದೆ. ಪಹಣಿಗೆ ಕಂಪ್ಯೂಟರ್ ಬಂತು ಸರಿ, ಯಾರ ಬೇಲಿ ಎಲ್ಲಿತ್ತು ಎಂದು ಬಾಯಲ್ಲಿ ಹೇಳುತ್ತಿದ್ದ ಶಾನುಭೋಗರ ನೆನಪು ಅದರಲ್ಲಿ ಏರಲಿಲ್ಲ. ನಮ್ಮನ್ನು ಬಲ್ಲವರನ್ನೆಲ್ಲ ಒಬ್ಬೊಬ್ಬರಾಗಿ ಬೀದಿಯಿಂದ ಎತ್ತಿ, ಆ ಜಾಗಕ್ಕೆ ಒಂದೊಂದು ಆ್ಯಪ್ ಕೊಟ್ಟು, ಈಗ ‘ಯಾಕೋ ಊರಲ್ಲಿ ಧೈರ್ಯ ಸಾಲದು’ ಅನ್ನುತ್ತಿದ್ದೇವೆ.

ವಿಷಯಕ್ಕೆ ಬರುತ್ತೇನೆ. ಮೆಣಸಿನ ದೂರಿಗೆ ಠಾಣೆಯಲ್ಲಿ ಏನು ಕೊಟ್ಟರು ಎಂದು ನೀವು ಬರೆದಿಲ್ಲ. ದೂರು ಬಂದಿದೆ ಎಂಬ ಬರೀ ಹಿಂಬರಹವಾದರೆ ಅದನ್ನು ಎಫ್‌ಐಆರ್ ಎಂದುಕೊಂಡು ಜೇಬಿಗೆ ಹಾಕಬೇಡಿ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅದರ ನಕಲು ನಿಮಗೆ ಪುಕ್ಕಟೆ. ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು. ‘ಮೊದಲು 14 ದಿನ ಪ್ರಾಥಮಿಕ ವಿಚಾರಣೆ’ ಎಂದರೆ, ಡಿವೈಎಸ್‌ಪಿಯವರ ಅನುಮತಿ ಪತ್ರ ಎಲ್ಲಿ ಎಂದು ಕೇಳಿ. ಹಾಗೆಯೇ, ಠಾಣೆಯೊಳಗಿನ ಕ್ಯಾಮೆರಾ ನಡೆಯುತ್ತಿದೆಯೇ ಎಂದೂ ಒಮ್ಮೆ ಕಣ್ಣು ಹಾಯಿಸಿ. ಎಲ್ಲ ಠಾಣೆಗಳಲ್ಲೂ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬೀದಿಗಿಂತ ಅಲ್ಲಿ ಅದರ ಕೆಲಸ ಹೆಚ್ಚು.

ಪೇಟೆಯವರ ಚಂದಾ ಕೊಡಿ, ನಿಷ್ಠುರ ಯಾಕೆ. ಕೊಡುವ ಮೊದಲು ಮಾತ್ರ ದೃಶ್ಯವನ್ನು ಯಾರು ನೋಡುತ್ತಾರೆ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ, ಶಾಲೆ ಬಿಟ್ಟು ಬರುವ ಹೆಣ್ಣುಮಕ್ಕಳ ದೃಶ್ಯ ಯಾರ ಮೊಬೈಲಿಗೂ ಹೋಗದಂತೆ ಯಾರು ಹೊಣೆ ಎಂದು ಬರೆಸಿಕೊಳ್ಳಿ. ಅದರ ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ನಮ್ಮ ಬೀದಿಯ ಬೀಟ್ ಯಾರಿಗೆ ಹಂಚಿದೆ, ಬೀಟ್ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ವರ್ಷ ಎಷ್ಟು ಸಲ ಸಭೆ ಸೇರಿದೆ. 30 ದಿನದೊಳಗೆ ಉತ್ತರ ಕೊಡಬೇಕು. ಬಂದರೆ ನಕಲು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಬಾರದಿದ್ದರೆ ಅರ್ಜಿಯನ್ನೇ ಹಾಕುತ್ತೇನೆ. ನೆನಪಿರಲಿ, ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರುವ ಹಾಗಿಲ್ಲ, ವಿಷಯವೂ ಒಂದೇ ಇರಬೇಕು. ನಿಮಗೂ ನನಗೂ ಕಷ್ಟದ ನಿಯಮ.

– ಸಂಪಾದಕ