ಹಲ್ಲು ತೆಗೆಸುವುದು ಎಲ್ಲಿ, ಜೊತೆಗೆ ಯಾರು?

ಮೊದಲು ನನ್ನ ಹತ್ತಿರ ಸಲಹೆಗೆ ಬಂದವರು ತಾಯಿ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮನೆ. ನಿದ್ದೆ ಬರುವುದಿಲ್ಲ, ಬಂದರೂ ಮೂರು ಗಂಟೆಗೆ ಎಚ್ಚರ ಆಗುತ್ತದೆ ಅಂದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ತಾಯಿ, ಮಗಳು ಇಬ್ಬರ ಒಪ್ಪಿಗೆಯೂ ಇದೆ.)

ಇಪ್ಪತ್ತಾರು ದಾಟಿದ ಮಗಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಬಲಗಡೆ ಕೆಳಗಿನ ಬುದ್ಧಿ ಹಲ್ಲು ಓರೆಯಾಗಿ ಅರ್ಧ ಮಾತ್ರ ಹೊರಗೆ ಬಂದಿದೆ. ಅದರ ಮೇಲೆ ಕೂತ ವಸಡಿನ ಚೂರಿನ ಅಡಿ ಅನ್ನದ ಅಗುಳು ಸೇರಿಕೊಂಡು ಬಾವು ಬಂದಿತ್ತು. ಹೋಯಿತು. ಕೆಲವು ತಿಂಗಳಾದ ಮೇಲೆ ಮತ್ತೆ ಬಂತು, ಈ ಸಲ ಬಾಯಿ ತೆಗೆಯುವುದೇ ಕಷ್ಟ ಆಯಿತು. ಅಲ್ಲಿನ ಹಲ್ಲಿನ ಡಾಕ್ಟರು ತೆಗೆಸುವುದು ಒಳ್ಳೆಯದು ಅಂತ ಆಸ್ಪತ್ರೆಗೆ ಬರೆದುಕೊಟ್ಟರು. ತಾಯಿಯ ಹಟ ಒಂದೇ: ತೆಗೆಸುವುದಾದರೆ ಡಿಸೆಂಬರ್ ರಜೆಗೆ ಊರಿಗೆ ಬಂದಾಗ, ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ. ಮಗಳು ಅಲ್ಲಿಯೂ ದಿನ ಹಿಡಿಯಲಿಲ್ಲ, ಇಲ್ಲಿಗೂ ಹೂಂ ಅನ್ನಲಿಲ್ಲ.

ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ. ಮಗಳು ಆಫೀಸು ಬಿಟ್ಟು ಸಂಜೆ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಹನ್ನೊಂದೂವರೆ. ದಿನಾ ಅದೇ ಹಲ್ಲು, ಅದೇ ಜಗಳ. ಮಧ್ಯರಾತ್ರಿ ಜಗಳ ಮುಗಿಸಿ ಮಲಗಿದವರಿಗೆ ನಿದ್ದೆ ಎಲ್ಲಿಂದ ಬರಬೇಕು?

ತಾಯಿಯ ಭಯಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಹತ್ತಿರದ ಸಂಬಂಧಿಕರೊಬ್ಬರಿಗೆ ಹೀಗೇ ಹಲ್ಲು ತೆಗೆಸಿದ ಮೇಲೆ ಕೆಳದುಟಿ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗೆ ಇತ್ತಂತೆ. ಕೆಳದವಡೆಯ ಒಳಗೆ ಹಾದುಹೋಗುವ ಒಂದು ನರ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತದೆ. ಬುದ್ಧಿ ಹಲ್ಲಿನ ಬೇರು ಅದಕ್ಕೆ ತಾಗಿದ್ದರೆ ಹೀಗಾಗಬಹುದು. ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತದೆ, ಶಾಶ್ವತವಾಗಿ ಉಳಿಯುವುದು ಅಪರೂಪ. ಆದರೆ ಬೇರು ಎಲ್ಲಿದೆ ಅನ್ನುವುದು ಧಾರವಾಡಕ್ಕೆ ಬಂದ ಕೂಡಲೇ ಬದಲಾಗುವುದಿಲ್ಲ ಅಲ್ವಾ? ಅಷ್ಟನ್ನು ಮಾತ್ರ ಅವರಿಗೆ ಹೇಳಿದೆ. ಹಲ್ಲಿನ ತೀರ್ಮಾನ ನನ್ನದಲ್ಲ, ಎಕ್ಸ್‌ರೇ ನೋಡಿದವರದು.

ಮಾತಾಡ್ತಾ ಅವರು ಹೇಳಿದ ಒಂದು ವಾಕ್ಯ ನನಗೆ ಮುಖ್ಯ ಅನ್ನಿಸಿತು: "ಆಸ್ಪತ್ರೆಗೆ ಕೂಸು ಒಬ್ಬಳೇ ಹೋಗೋದಾ ಮೇಡಂ?"

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲಕ್ಕೆ, ಮಂಗಳೂರಿಗೆ, ಗೋವಾಕ್ಕೆ. ದೊಡ್ಡ ಆಸ್ಪತ್ರೆ ಜಿಲ್ಲೆಯಲ್ಲೇ ಬೇಕು ಅಂತ 2022ರಲ್ಲಿ ಎಷ್ಟು ಕೂಗೆದ್ದಿತ್ತು! ಶಿರಸಿಯಿಂದ ಹುಬ್ಬಳ್ಳಿ 100 ಕಿ.ಮೀ. ಆಚೀಚೆ. ಹೊರಡುವಾಗ ಕಾರಿನಲ್ಲಿ ರೋಗಿಯ ಜೊತೆ ಮೂವರು ಇರುತ್ತಾರೆ. ಫೈಲು ಹಿಡಿಯುವವರು ಒಬ್ಬರು, ಔಷಧಿ ಅಂಗಡಿಗೆ ಓಡುವವರು ಒಬ್ಬರು, ಸುಮ್ನೆ ಪಕ್ಕದಲ್ಲಿ ಕೂರುವವರು ಒಬ್ಬರು. ಒಬ್ಬರೇ ಹೋದರು ಅಂದರೆ ಮನೆಯವರು ಕೈಬಿಟ್ಟರು ಅಂತಲೇ ಅರ್ಥ. ಈ ತಾಯಿಗೆ ಹಲ್ಲಿಗಿಂತ ಜಾಸ್ತಿ ಚುಚ್ಚುತ್ತಿದ್ದದ್ದು ಇದು. ಹೋಗೋಣ ಅಂದರೆ ಅಡಿಕೆ ಕೊಯ್ಲಿನ ಸಮಯ, ಮನೆ ಬಿಡುವ ಹಾಗಿಲ್ಲ, ವೀಸಾ ಅಂತೂ ಇಲ್ಲ.

ಮುಂದಿನ ಸಲ ಮಗಳನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡೆ. ಮೊದಲು ಅವಳೊಬ್ಬಳ ಜೊತೆಗೇ ಮಾತು. ದುಡ್ಡಿನ ತೊಂದರೆ ಇರಲಿಲ್ಲ. ಲಕ್ಷಗಟ್ಟಲೆ ಆಗುತ್ತದೆ ಅಂತ ತಾಯಿ ಅಂದುಕೊಂಡಿದ್ದರು, ಆದರೆ ಅಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಹಲ್ಲು ತೆಗೆಸಿದರೆ ಅದಕ್ಕೆ ಬೇರೆ ಶುಲ್ಕ ಇಲ್ಲ. ತಿಂಗಳುಗಟ್ಟಲೆ ಕಾಯಬೇಕು, ಅಷ್ಟೇ. ಮತ್ತೆ ಯಾಕೆ ದಿನ ಹಿಡಿಯಲಿಲ್ಲ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಆಸ್ಪತ್ರೆಯಿಂದ ಪತ್ರ ಬಂದಿದೆ. ಪೂರ್ತಿ ಅರಿವಳಿಕೆ ಕೊಟ್ಟರೆ ಮನೆಗೆ ಕರೆದುಕೊಂಡು ಹೋಗುವುದಕ್ಕೂ 24 ಗಂಟೆ ಜೊತೆಗಿರುವುದಕ್ಕೂ ದೊಡ್ಡವರೊಬ್ಬರು ಬೇಕು, ಅವರ ಹೆಸರು ಬರೆಯಿರಿ ಅಂತ ಇದೆ. ಆ ಜಾಗದಲ್ಲಿ ಬರೆಯುವುದಕ್ಕೆ ಅವಳಿಗೆ ಒಂದು ಹೆಸರೂ ಹೊಳೆಯಲಿಲ್ಲ. ಪತ್ರವನ್ನು ಮೇಜಿನ ಖಾನೆಗೆ ಹಾಕಿಬಿಟ್ಟಿದ್ದಳು. ಆಯಿಗೆ (ಅಮ್ಮನಿಗೆ) ಹೇಳಿದರೆ "ನೋಡು, ನಾ ಹೇಳಿದ್ದೇ ಸರಿ" ಅಂದಾರು ಅಂತ ಅದನ್ನೂ ಮುಚ್ಚಿಟ್ಟಳು.

ಅಂದರೆ ಇಬ್ಬರ ಹೆದರಿಕೆಯೂ ಒಂದೇ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಅವಳಿಗೆ ನಾನು ಹೇಳಿದ್ದು, ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ ಅಂತ. ತೆಗೆಸಬೇಕಾ ಅನ್ನುವುದು ಒಂದು, ಎಲ್ಲಿ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲಿ ನಿಯಮವೇ ಇದೆ. ತೊಂದರೆ ಕೊಡದ ಬುದ್ಧಿ ಹಲ್ಲನ್ನು ಸುಮ್ನೆ ಮುಂಜಾಗ್ರತೆಗೆ ಅಂತ ತೆಗೆಯಬೇಡಿ ಅಂತ ಯಾವ ಚಿಕಿತ್ಸೆ ಯಾವಾಗ ಅಂತ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಹೇಳಿದೆ. ವಸಡಿನ ಬಾವು ಮೊದಲ ಸಲ ಬಂದು, ತೀರಾ ಜೋರಾಗಿಲ್ಲದಿದ್ದರೆ ಕಾಯುತ್ತಾರೆ. ಎರಡನೇ ಸಲ ಬಂದರೆ ತೆಗೆಯುವುದಕ್ಕೆ ಅದೇ ಕಾರಣ ಸಾಕು. ಇವಳದ್ದು ಎರಡು ಸಲ ಆಗಿದೆ. ಹಾಗಾಗಿ ಅವಸರಪಟ್ಟು ಕೀಳುತ್ತಿದ್ದಾರೆ ಅನ್ನುವ ತಾಯಿಯ ಅನುಮಾನಕ್ಕೆ ಜಾಗ ಇಲ್ಲ.

ಎಲ್ಲಿ ಅನ್ನುವುದಕ್ಕೆ, ಆಸ್ಪತ್ರೆಗೆ ಫೋನ್ ಮಾಡಿ ಸರ್ಜನ್ ಹತ್ತಿರ ಕೇಳಬೇಕಾದ್ದನ್ನು ಬರೆದುಕೊಳ್ಳಲು ಹೇಳಿದೆ. ಬೇರು ನರಕ್ಕೆ ಎಷ್ಟು ಹತ್ತಿರ ಇದೆ, ಇನ್ನೊಂದು ಸ್ಕ್ಯಾನ್ ಬೇಕಾ, ಒಂದೇ ಹಲ್ಲಾದ್ದರಿಂದ ಬರೀ ಜೋಮಿನ ಇಂಜೆಕ್ಷನ್‌ನಲ್ಲಿ ಆಗುತ್ತದಾ. ಊರಲ್ಲೇ ಮಾಡಿಸುವುದಾದರೆ ಬಂದ ಮೊದಲ ವಾರದಲ್ಲೇ ಆಗಬೇಕು. ಹಲ್ಲು ತೆಗೆದ ಮೇಲೆ ಬಾವು ಎರಡು ಮೂರು ದಿನ ಏರುತ್ತದೆ. ಹಲ್ಲಿನ ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋದರೆ ಮೂರು ನಾಲ್ಕನೇ ದಿನದ ಹೊತ್ತಿಗೆ ಜೋರು ನೋವು ಶುರುವಾಗುತ್ತದೆ, ಅದನ್ನು ನೋಡಬೇಕಾದವರು ತೆಗೆದ ಡಾಕ್ಟರೇ. ರಜೆಯ ಕೊನೆಗೆ ತೆಗೆಸಿ ವಿಮಾನ ಹತ್ತುವುದು ಮಾತ್ರ ಬೇಡ ಅಂದೆ.

ಇನ್ನೊಂದು ಕೆಲಸವನ್ನೂ ಕೊಟ್ಟೆ. ಯಾರಾದರೂ ಒಬ್ಬರ ಹತ್ತಿರ ಬಾಯಿಬಿಟ್ಟು ಕೇಳಬೇಕು. ಒಂದು ದಿನ ನನ್ನ ಜೊತೆ ಇರ್ತೀರಾ, ಅಷ್ಟೇ. ಇಲ್ಲ ಅಂದರೆ ಇನ್ನೊಬ್ಬರು. ಅವಳಿಗೆ ಹಲ್ಲು ಕೀಳಿಸುವುದಕ್ಕಿಂತ ಇದೇ ಕಷ್ಟ ಆಯಿತು. ವಿದೇಶದಲ್ಲಿರುವ ನಮ್ಮ ಮಕ್ಕಳಲ್ಲಿ ಇದನ್ನು ಬಹಳ ನೋಡುತ್ತೇನೆ. ಇಲ್ಲಿ ಕೇಳದೇ ಜನ ಬರುತ್ತಾರೆ, ಹಾಗಾಗಿ ಕೇಳಿ ಅಭ್ಯಾಸವೇ ಇಲ್ಲ.

ತಾಯಿಗೆ ಹೇಳಿದ್ದು ಸಣ್ಣದು. ಹಲ್ಲಿನ ಮಾತು ಭಾನುವಾರ ಮಧ್ಯಾಹ್ನ ಮಾತ್ರ. ರಾತ್ರಿ ಫೋನಿನಲ್ಲಿ ಬೇರೆ ಏನು ಬೇಕಾದರೂ ಮಾತಾಡಿ. ಬಾವು ಬಂದ ವಸಡಿಗೆ ಲವಂಗದ ಎಣ್ಣೆ ಹಚ್ಚಿಕೋ ಅಂತ ಹೇಳುವುದನ್ನು ಬಿಡಿ, ಸುಡುತ್ತದೆ. ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲಿ.

ಮಗಳು ಆಫೀಸಿನ ಗೆಳತಿಯೊಬ್ಬಳನ್ನು ಕೇಳಿದಳು, ಅವಳು ಒಪ್ಪಿದಳು. ಇಂಜೆಕ್ಷನ್ ಸಾಕು ಅಂತ ಆಸ್ಪತ್ರೆಯವರೂ ಹೇಳಿದ ಮೇಲೆ ಅಲ್ಲೇ ಫೆಬ್ರವರಿಗೆ ದಿನ ಹಿಡಿದಳು. ಜೊತೆಗೆ ಯಾರೂ ಬೇಕೇ ಬೇಕು ಅಂತಿಲ್ಲದಿದ್ದರೂ ಗೆಳತಿ ಬರುತ್ತಾಳೆ. ಡಿಸೆಂಬರಿನಲ್ಲಿ ಊರಿಗೆ ಬಂದು ಹಲ್ಲು ಇಟ್ಟುಕೊಂಡೇ ವಾಪಸು ಹೋದಳು. ಹೋಗುವಾಗ ಗಂಜಿಗೆ ಅಂತ ಕುಚ್ಚಲಕ್ಕಿ ಕಟ್ಟಿಕೊಟ್ಟ ತಾಯಿ, ಮೊದಲ ದಿನ ಬಿಸಿ ಗಂಜಿ ಬೇಡ, ಆರಿಸಿ ಕುಡಿ ಅಂತ ಎರಡು ಸಲ ಹೇಳಿದರಂತೆ. ಅದು ಸರಿಯಾದ ಮಾತೇ.

ತಾಯಿಯ ನಿದ್ದೆ ಸುಮಾರು ಸುಧಾರಿಸಿದೆ. ಉಳಿದ ಮೂರು ಬುದ್ಧಿ ಹಲ್ಲುಗಳನ್ನೂ ಒಂದೇ ಸಲಕ್ಕೆ ತೆಗೆಸಿಬಿಡಲಿ ಅಂತ ಮಾತ್ರ ಈಗಲೂ ಅನ್ನುತ್ತಾರೆ. ಅವು ಸುಮ್ಮನಿವೆ, ಚೆಕಪ್‌ಗೆ ಹೋದಾಗ ನೋಡಿದರೆ ಸಾಕು ಅಂತ ಅಲ್ಲಿನ ಡಾಕ್ಟರು ಹೇಳಿದ್ದಾರೆ. ಆ ವಾದ ಈಗ ಭಾನುವಾರದ ಪಾಲಿಗೆ ಹೋಗಿದೆ.