ಶಿವಮೊಗ್ಗದಲ್ಲಿದ್ದುಕೊಂಡು ಲಾನ್ ಬೌಲ್ಸ್ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡೋಕೆ ಆಗುತ್ತಾ?

ವಯಸ್ಸು ಮೂವತ್ತೈದು ದಾಟಿದೆ, ಕ್ರಿಕೆಟ್ ಬಿಟ್ಟಾಯ್ತು, ಊರು ಬಿಡೋಕಾಗಲ್ಲ, ಆದರೂ ಲಾನ್ ಬೌಲ್ಸ್‌ನಲ್ಲಿ (ಬೌಲ್ ಅನ್ನೋ ದೊಡ್ಡ ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿ, ಗುರಿಯಾದ ಚಿಕ್ಕ ಚೆಂಡಿನ ಹತ್ತಿರ ನಿಲ್ಲಿಸುವ ಆಟ) ನ್ಯಾಷನಲ್ಸ್‌ವರೆಗೆ ಹೋಗಬಹುದಾ ಅಂತ ಕೇಳಿದ್ದೀರಿ. ವಯಸ್ಸಿನ ಚಿಂತೆ ಬಿಡಿ. ನಿಮಗೆ ಅಡ್ಡ ಬರೋದು ನೆಲ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ ಚಿನ್ನ ಗೆದ್ದ ನಮ್ಮ ನಾಲ್ವರನ್ನೇ ನೋಡಿ. ಲವ್ಲಿ ಚೌಬೆ ಓಟಗಾರ್ತಿಯಾಗಿದ್ದವರು, ನಯನ್‌ಮೋನಿ ಸೈಕಿಯಾ ವೇಟ್‌ಲಿಫ್ಟಿಂಗ್, ರೂಪಾ ರಾಣಿ ತಿರ್ಕಿ ಕಬಡ್ಡಿ, ಪಿಂಕಿ ಕ್ರಿಕೆಟ್. ಒಬ್ಬರೂ ಚಿಕ್ಕಂದಿನಿಂದ ಇದನ್ನೇ ಆಡಿಕೊಂಡು ಬಂದವರಲ್ಲ. ಲವ್ಲಿ, ಪಿಂಕಿ ಇಬ್ಬರಿಗೂ ಆಗ ನಲವತ್ತರ ಆಸುಪಾಸು.

ಈಗ ನೆಲದ ವಿಷಯ. ನಾನು ಕೆಲಸದ ಮೇಲೆ ಕೆಲವು ವರ್ಷ ರಾಂಚಿಯಲ್ಲಿದ್ದೆ. 2011ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಅಲ್ಲಿ ನಾಮ್‌ಕುಮ್‌ನಲ್ಲಿ ಗ್ರೀನ್, ಅಂದರೆ ಈ ಆಟ ಆಡುವ ಅಂಗಣ, ಮಾಡಿದ್ದರು. ಸಂಜೆ ಸುಮ್ನೆ ಹೋಗಿ ನಿಂತು ನೋಡುತ್ತಿದ್ದೆ. ಆಮೇಲೆ ಯಾರೋ ಕರೆದು ಕೈಗೆ ಬೌಲ್ ಕೊಟ್ಟರು. ಭಾರತ ತಂಡದಲ್ಲಿ ಜಾರ್ಖಂಡ್, ಅಸ್ಸಾಂ, ದೆಹಲಿಯವರೇ ಯಾಕೆ ಜಾಸ್ತಿ ಅಂತ ಅಲ್ಲೇ ಅರ್ಥವಾಯಿತು. 2007ರಲ್ಲಿ ಗುವಾಹಟಿಯ ಕ್ರೀಡಾಕೂಟ, 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್, ಆಮೇಲೆ ರಾಂಚಿ. ಕೂಟ ನಡೆದ ಕಡೆ ಗ್ರೀನ್ ಬಂತು, ಗ್ರೀನ್ ಇದ್ದ ಕಡೆ ಆಟಗಾರರು ಹುಟ್ಟಿಕೊಂಡರು.

ಇಂಗ್ಲೆಂಡ್‌ನಲ್ಲಿ ಊರಿನ ಕ್ಲಬ್ ಸದಸ್ಯನಾದರೆ ಸಾಕು, ಕೌಂಟಿ ಮಟ್ಟದಲ್ಲಿ ಗೆದ್ದು ಲೆಮಿಂಗ್ಟನ್ ಸ್ಪಾದಲ್ಲಿ ನಡೆಯುವ ನ್ಯಾಷನಲ್ಸ್‌ಗೆ ಹೋಗಬಹುದು. ನಮ್ಮವರು ಚಿನ್ನ ಗೆದ್ದದ್ದೂ ಅದೇ ಲೆಮಿಂಗ್ಟನ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ. ನಮ್ಮಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ರಾಜ್ಯದ ತಂಡವಾಗಿಯೇ ಹೋಗಬೇಕು. ಹಾಗಾಗಿ ಮೊದಲು ರಾಜ್ಯ ಮಟ್ಟದಲ್ಲಿ ಆಟ ನಡೆಸುವವರನ್ನು ವಿಚಾರಿಸಿ.

ಮಲೆನಾಡಿನಲ್ಲಿ ಹುಲ್ಲಿನ ಗ್ರೀನ್ ಮಾಡೋಣ ಅಂತ ಯಾರಾದರೂ ಹುರುಪು ಹತ್ತಿಸಿದರೆ ದುಡ್ಡು ಹಾಕಬೇಡಿ. ಅದು ಸುಮಾರು 35–40 ಮೀಟರ್ ಚೌಕದ ಜಾಗ, ಸುತ್ತ ನಮ್ಮ ಅಡಿಕೆ ತೋಟದ ಬಸಿಗಾಲುವೆ ಥರ ಒಂದು ಡಿಚ್. ಒಳಗೆ ಹುಲ್ಲು ಕೆಲವೇ ಮಿಲಿಮೀಟರ್ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಗಳದ ಕಲ್ಲೇ ಹಾವಸೆ ಹಿಡಿದು ಜಾರುತ್ತೆ, ಅಲ್ವಾ? ಆಗುಂಬೆ ಕಡೆಯವರಿಗಂತೂ ಹೇಳೋದೇ ಬೇಡ.

ನನ್ನ ಕೇಳಿದರೆ ಶಾರ್ಟ್ ಮ್ಯಾಟ್‌ನಿಂದ ಶುರು ಮಾಡಿ. 40–45 ಅಡಿ ಉದ್ದ, 6 ಅಡಿ ಅಗಲದ ಮ್ಯಾಟನ್ನು ಒಳಾಂಗಣದಲ್ಲಿ ಹಾಸಿ ಆಡುವ ಆಟ ಅದು. ಆಷಾಢದಲ್ಲಿ ಮದುವೆ ಇರಲ್ಲ, ಕಲ್ಯಾಣ ಮಂಟಪಗಳು ಖಾಲಿ. ಹೊರಗೆ ಮಳೆಯಿದ್ದರೂ ಕೈ ಪಳಗಿಸಬಹುದು. ಆದರೆ ಅಷ್ಟರಲ್ಲೇ ಇದ್ದುಬಿಟ್ಟರೆ ನ್ಯಾಷನಲ್ಸ್‌ನಲ್ಲಿ ಕಷ್ಟ. ದೊಡ್ಡ ಗ್ರೀನ್‌ನಲ್ಲಿ ಜ್ಯಾಕ್ ಅನ್ನೋ ಆ ಚಿಕ್ಕ ಬಿಳಿ ಚೆಂಡು ಕಡಿಮೆಯೆಂದರೂ 23 ಮೀಟರ್ ದೂರ ಇರುತ್ತೆ. ಮ್ಯಾಟ್ ಮೇಲೆ ಗುರಿ ಕಲಿಯಬಹುದು, ದೂರದ ಅಳತೆ ಕೈಗೆ ಬರಲ್ಲ.

ಬೌಲ್ ಪೂರ್ತಿ ಗುಂಡಗಿರಲ್ಲ. ಒಂದು ಬದಿಗೆ ವಾಲುವಂತೆ ಅದರ ಆಕಾರವನ್ನೇ ಮಾಡಿರುತ್ತಾರೆ. ವೇಗ ಇರುವವರೆಗೆ ಹೆಚ್ಚು ಕಡಿಮೆ ನೇರ ಹೋಗುತ್ತೆ, ನಿಧಾನವಾದಂತೆ ತಿರುಗೋಕೆ ಶುರು. ಕೊನೆಯ ಎರಡು ಮೂರು ಮೀಟರ್‌ನಲ್ಲಿ ಇದ್ದಕ್ಕಿದ್ದಂತೆ ಒಳಗೆ ಹೊರಳಿ ಜ್ಯಾಕ್ ಪಕ್ಕ ಹೋಗಿ ಕೂರುತ್ತೆ. ಬದಿಯಲ್ಲಿ ಚಿಕ್ಕ ವೃತ್ತದ ಗುರುತು ಇರುವ ಕಡೆಗೇ ಅದು ತಿರುಗೋದು. ಅದನ್ನು ನೋಡದೆ ಉಲ್ಟಾ ಹಿಡಿದು ಬಿಟ್ಟರೆ ಬೌಲ್ ಸೀದಾ ಪಕ್ಕದವರ ರಿಂಕ್‌ಗೆ, ಅಂದರೆ ಅವರು ಆಡೋ ಪಟ್ಟಿಗೆ. ಅನುಭವಸ್ಥರೂ ಮಾಡ್ತಾರೆ, ಎಲ್ಲರೂ ನಗ್ತಾರೆ.

ಇನ್ನೊಂದು ವಿಚಿತ್ರ. ಗ್ರೀನ್‌ನ ವೇಗವನ್ನು ಸೆಕೆಂಡ್‌ನಲ್ಲಿ ಹೇಳುತ್ತಾರೆ: ಬೌಲ್ 27 ಮೀಟರ್ ಹೋಗಿ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅಂತ. ಸೆಕೆಂಡ್ ಜಾಸ್ತಿ ಆದಷ್ಟೂ ಗ್ರೀನ್ ವೇಗದ್ದು! ನುಣುಪು ನೆಲದಲ್ಲಿ ಮೆಲ್ಲಗೆ ಬಿಟ್ಟರೂ ಸಾಕು, ಉರುಳುತ್ತಲೇ ಇರುತ್ತೆ. ಒದ್ದೆ ಹುಲ್ಲಿನಲ್ಲಿ ಜೋರಾಗಿ ಬಿಡಬೇಕು, ಬೇಗ ನಿಲ್ಲುತ್ತೆ. ಪರ ಊರಿನ ಗ್ರೀನ್‌ನಲ್ಲಿ ಹೊಸಬರು ಸೋಲೋದು ಇಲ್ಲೇ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ರಜೆ ಹಾಕಿ ನಿಜವಾದ ಗ್ರೀನ್ ಇರುವ ಊರಲ್ಲಿ ಕೆಲವು ದಿನ ಆಡಿ ಬನ್ನಿ.

ಸಿಂಗಲ್ಸ್‌ಗೆ ಈಗಲೇ ಆಸೆ ಪಡಬೇಡಿ. 21 ಪಾಯಿಂಟ್ ಆಗುವವರೆಗೆ ಒಬ್ಬರೇ ಎಳೆಯಬೇಕು. ಫೋರ್ಸ್‌ನಲ್ಲಿ, ಅಂದರೆ ನಾಲ್ವರ ತಂಡದ ಆಟದಲ್ಲಿ, ಒಬ್ಬರಿಗೆ ಎರಡೇ ಬೌಲ್. ಮೊದಲು ಆಡುವ ಲೀಡ್ ಜಾಗ ನಿಮಗೆ ಸರಿ. ಜ್ಯಾಕ್ ಉರುಳಿಸಿ, ನಿಮ್ಮೆರಡು ಬೌಲನ್ನು ಅದರ ಹತ್ತಿರ ತಂದಿಟ್ಟರೆ ಕೆಲಸ ಮುಗೀತು, ಮಿಕ್ಕ ತಲೆನೋವು ಸ್ಕಿಪ್ ಅನ್ನೋ ತಂಡದ ನಾಯಕರದ್ದು.

ಬೌಲ್ ಕೊಳ್ಳೋದು ಕೊನೆಗಿರಲಿ. ಒಂದೊಂದೂ ಒಂದೂವರೆ ಕಿಲೋ ಹತ್ತಿರ ತೂಗುತ್ತೆ, ಸೈಜ್ ಬೇರೆ ಬೇರೆ. ಎರಡೂ ಕೈಯ ಹೆಬ್ಬೆರಳು, ನಡುಬೆರಳು ಬೌಲ್ ಸುತ್ತ ಬಳಸಿ ಒಂದಕ್ಕೊಂದು ತಾಗುತ್ತಾ ನೋಡಿ. ತಾಗಿದರೆ ಹೆಚ್ಚು ಕಡಿಮೆ ಅದೇ ನಿಮ್ಮ ಅಳತೆ. ಆನ್‌ಲೈನ್‌ನಲ್ಲಿ ಕಣ್ಣು ಮುಚ್ಚಿ ತರಿಸಬೇಡಿ.