ಸಿಜೆಐ (ಭಾರತದ ಮುಖ್ಯ ನ್ಯಾಯಮೂರ್ತಿ) ಕಚೇರಿ ಸೇರಲು ಎಲ್‌ಎಲ್‌ಬಿ ಮಾಡಬೇಕಾ, ಶಾರ್ಟ್‌ಹ್ಯಾಂಡ್ ಸಾಕಾ?

ನಾನೂ ಇದೇ ಪ್ರಶ್ನೆ ಹೊತ್ತು ಓಡಾಡಿದವನು. ಶಾರ್ಟ್‌ಹ್ಯಾಂಡ್ ಸೀನಿಯರ್ ಪಾಸಾಗಿತ್ತು. ಅದೊಂದಿದ್ದರೆ ಸಾಕು ಅಂದುಕೊಂಡಿದ್ದೆ. ಸೇರಿದ್ದು ಸಿಜೆಐ ಕಚೇರಿಗಲ್ಲ, ಒಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಚೇಂಬರಿಗೆ.

ಒಂದು ಗುರುವಾರ ಸಂಜೆ ಸಾಹೇಬರು ಒಂದು ಅರ್ಜಿಯ ಮೇಲೆ 'ನಾಳೆಗೆ ಹಾಕಿ' ಅಂತ ಬರೆದು ಕೊಟ್ಟರು. ಆಗ ನನ್ನ ಕೈಯಲ್ಲಿ ದೊಡ್ಡ ಡಿಕ್ಟೇಷನ್ ಇತ್ತು. ಟೈಪ್ ಮುಗಿಸಿ ಎಲ್ಲಾ ಒಟ್ಟಿಗೆ ಕಳಿಸೋಣ ಅಂತ ಆ ಹಾಳೆಯನ್ನು ನೋಟ್‌ಬುಕ್ಕಿನೊಳಗೆ ಇಟ್ಟೆ. ಒಳಗೆ ಇಟ್ಟಿದ್ದೇ ತಪ್ಪು. ಮೇಜಿನ ಮೇಲಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಜವಾನರ ಕೈಗೆ ಕೊಟ್ಟಿದ್ದರೆ ಎರಡೇ ನಿಮಿಷ. ಯಾವ ಕೇಸು ಯಾವ ದಿನ ಅಂತ ಪಟ್ಟಿ ಮಾಡುವ ಲಿಸ್ಟಿಂಗ್ ವಿಭಾಗಕ್ಕೆ ಒಂದು ಫೋನ್ ಮಾಡಿದ್ದರೂ ಆಗುತ್ತಿತ್ತು. ಟೈಪಿಂಗ್ ಮುಗಿಯುವಾಗ ರಾತ್ರಿ ಎಂಟು. ಮರುದಿನದ ಕೇಸುಗಳ ಪಟ್ಟಿ, ಅಂದರೆ ಕಾಸ್ ಲಿಸ್ಟ್, ಆ ಅರ್ಜಿ ಇಲ್ಲದೆಯೇ ಹೊರಬಿದ್ದಿತ್ತು. ಮನೆ ಖಾಲಿ ಮಾಡಿಸುವುದನ್ನು ತಡೆಯಿರಿ ಅಂತ ಒಬ್ಬ ತಾಯಿ ಹಾಕಿದ್ದ ಅರ್ಜಿ ಅದು. ಸೋಮವಾರದ ಹೊತ್ತಿಗೆ ಆ ತಾಯಿಯ ಪಾತ್ರೆ, ಹಾಸಿಗೆ ಎಲ್ಲಾ ಬೀದಿಯಲ್ಲಿದ್ದವು. ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಹಾಕಿದ್ದು ಸರಿ.

ಹಾಗಾಗಿ ಎಲ್‌ಎಲ್‌ಬಿಯೋ ಶಾರ್ಟ್‌ಹ್ಯಾಂಡೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ಕೈಗೆ ಬಂದ ಹಾಳೆಯನ್ನು ಹೊತ್ತಿಗೆ ಮುಟ್ಟಿಸ್ತೀರಾ ಅನ್ನುವುದೇ ಪ್ರಶ್ನೆ. ಸುಪ್ರೀಂ ಕೋರ್ಟಿನಲ್ಲಿ ಸಿಜೆಐ ಸೇರಿ ಮೂವತ್ತಕ್ಕೂ ಹೆಚ್ಚು ನ್ಯಾಯಮೂರ್ತಿಗಳ ಹುದ್ದೆ ಇವೆ. ಯಾವ ಕೇಸು ಯಾವ ಬೆಂಚಿಗೆ ಅನ್ನುವುದು ಸಿಜೆಐ ಕೈಯಲ್ಲಿದೆ. 2018ರಲ್ಲಿ ಕೋರ್ಟೇ ಇದನ್ನು ಎತ್ತಿಹಿಡಿದಿದೆ. ಅದರ ಜೊತೆಗೆ ನ್ಯಾಯಮೂರ್ತಿಗಳ ನೇಮಕಕ್ಕೆ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪು, ಅಂದರೆ ಕೊಲಿಜಿಯಂ, ಇದೆ. ಸಂವಿಧಾನದ 146ನೇ ವಿಧಿಯಂತೆ ಕೋರ್ಟಿನ ಸಿಬ್ಬಂದಿ ನೇಮಕದ ಅಧಿಕಾರವೂ ಸಿಜೆಐ ಅವರದೇ. ಇಷ್ಟೆಲ್ಲಾ ತೀರ್ಮಾನ ಕೊನೆಗೆ ಯಾರೋ ಒಬ್ಬ ಸಹಾಯಕರ ಕೈಯ ಹಾಳೆಯಾಗಿಯೇ ಕೋರ್ಟಿನ ಆಡಳಿತ ಕಚೇರಿಯಾದ ರಿಜಿಸ್ಟ್ರಿಗೆ ಹೋಗಬೇಕು, ಅಲ್ವಾ?

ಇನ್ನೊಂದು ಮಾತು. ದೊಡ್ಡವರ ಹತ್ತಿರ ಇರಬಹುದು ಅಂತ ಸಿಜೆಐ ಚೇಂಬರಿಗೆ ಆಸೆಪಡಬೇಡಿ. ಅವರು 65ನೇ ವಯಸ್ಸಿಗೆ ನಿವೃತ್ತರಾಗುತ್ತಾರೆ. 1991ರಲ್ಲಿ ಕೆ.ಎನ್. ಸಿಂಗ್ ಸಿಜೆಐ ಆಗಿದ್ದದ್ದು 17 ದಿನ. ನಮ್ಮ ರಾಜೇಂದ್ರ ಬಾಬು ಅವರು 2004ರಲ್ಲಿ ಇದ್ದದ್ದು ಸುಮಾರು ಒಂದು ತಿಂಗಳು. ಅವರು ಹೋದಮೇಲೂ ಕೆಲಸ ನಡೆಸಿಕೊಂಡು ಹೋಗುವುದು ಸೆಕ್ರೆಟರಿ ಜನರಲ್ ಕೈಕೆಳಗಿನ ರಿಜಿಸ್ಟ್ರಿ. ಮೊದಲು ಅಲ್ಲಿ ಲಿಸ್ಟಿಂಗ್ ವಿಭಾಗವನ್ನೇ ಕೇಳಿ ಪಡೆಯಿರಿ. ಒಂದು ಹಾಳೆ ತಡವಾದರೆ ಯಾರಿಗೆ ಏನಾಗುತ್ತೆ ಅಂತ ಅಲ್ಲಿ ದಿನಾ ಕಾಣುತ್ತೆ.

ಎಲ್‌ಎಲ್‌ಬಿಗೆ ಅಂತ ಸುಮ್ನೆ ಮೂರು ವರ್ಷ ಕಾಯಬೇಡಿ, ಈ ಸಲವೇ ಅರ್ಜಿ ಹಾಕಿ. ಟೈಪಿಂಗ್ ಅಭ್ಯಾಸದಲ್ಲಿ ಎಲ್ಲಿ ತಪ್ಪಾಗುತ್ತಿದೆ ಬರೆಯಿರಿ, ನೋಡಿ ಹೇಳ್ತೀನಿ.